ಆಸ್ಪತ್ರೆಯ ವಾರ್ಡಿನಲ್ಲಿ ಕಲೆ: ಡಯಾಲಿಸಿಸ್ ಘಟಕದಿಂದ ಆರಂಭಿಸುವವರಿಗೆ ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಗೆ ದಾಖಲಾದ ಗಳಿಗೆಯಿಂದ ರೋಗಿಯ ದಿನಚರಿಯನ್ನು ಬೇರೆಯವರು ನಿರ್ಧರಿಸುತ್ತಾರೆ. ಎಷ್ಟು ಹೊತ್ತಿಗೆ ಏಳಬೇಕು, ಏನನ್ನು ತಿನ್ನಬಾರದು, ಯಾವ ಕೈಗೆ ಸೂಜಿ, ಯಾವ ಪರೀಕ್ಷೆಗೆ ಯಾವಾಗ ಹೋಗಬೇಕು ಎಂಬ ಯಾವ ವಿಷಯದಲ್ಲೂ ಅವರ ಮಾತು ಹೆಚ್ಚು ನಡೆಯುವುದಿಲ್ಲ. ಚಿಕಿತ್ಸೆಯ ದೃಷ್ಟಿಯಿಂದ ಇದರ ಬಹುಪಾಲು ಅನಿವಾರ್ಯವೇ ಹೌದು. ಆದರೂ ಈ ಹೂವಿಗೆ ಕೆಂಪು ಹಚ್ಚಲೇ ಹಳದಿ ಹಚ್ಚಲೇ, ಈ ಹಾಡು ಸಾಕೇ ಇನ್ನೊಂದು ಬೇಕೇ, ಇವತ್ತು ಏನೂ ಮಾಡದೆ ಸುಮ್ಮನೆ ಮಲಗಲೇ ಎಂದು ರೋಗಿಯೇ ತೀರ್ಮಾನಿಸುವ ಅರ್ಧ ಗಂಟೆಯೊಂದನ್ನು ವಾರ್ಡಿನಲ್ಲಿ ಹೊಂದಿಸಿಕೊಡಲು ಸಾಧ್ಯವಿದೆ. ಕಲೆಯಿಂದ ರೋಗಿಗಳಿಗೆ ಆಗುವ ನೆಮ್ಮದಿಯ ದೊಡ್ಡ ಭಾಗ ಈ ಸಣ್ಣ ಅಧಿಕಾರದಿಂದಲೇ ಬರುತ್ತದೆ ಎಂಬುದು ನನ್ನ ತಿಳಿವಳಿಕೆ, ಮತ್ತು ಮುಂದೆ ಹೇಳುವ ಹೆಚ್ಚಿನ ಸಲಹೆಗಳು ಈ ತಿಳಿವಳಿಕೆಯ ಮೇಲೆಯೇ ನಿಂತಿವೆ.

ಹಾಗಾಗಿ ಈ ಮಾರ್ಗದರ್ಶಿಯು ರಾಷ್ಟ್ರೀಯ ಹಬ್ಬದ ದಿನ ಶಾಲಾ ಮಕ್ಕಳನ್ನು ಕರೆತಂದು, ಮೈಕು ಕಟ್ಟಿ, ಹಾಡಿಸಿ, ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಹೊರಡುವ ಕಾರ್ಯಕ್ರಮದ ಬಗ್ಗೆ ಅಲ್ಲ. ಅಂಥದ್ದರಿಂದ ಯಾರಿಗೂ ಹಾನಿಯಾಗದಿರಬಹುದು, ಆದರೆ ಎದ್ದು ಹೋಗಲಾಗದ ವ್ಯಕ್ತಿಯ ಮುಂದೆ ನಡೆಯುವ ಪ್ರದರ್ಶನದಲ್ಲಿ ರೋಗಿಯ ಪಾಲಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಇಲ್ಲಿ ವಿವರಿಸುವುದು ಹಾಸಿಗೆಯ ಪಕ್ಕದಲ್ಲಿ, ಕಡಿಮೆ ದನಿಯಲ್ಲಿ, ವಾರವಾರವೂ ತಪ್ಪದೆ ನಡೆಯುವ ಕೆಲಸವನ್ನು.

ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿಯು 2019ರಲ್ಲಿ ಪ್ರಕಟಿಸಿದ ವರದಿಯೊಂದು ಕಲೆ ಮತ್ತು ಆರೋಗ್ಯದ ಸಂಬಂಧ ಕುರಿತ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ರೋಗ ತಡೆಯುವಲ್ಲಿಯೂ ರೋಗದೊಂದಿಗೆ ಬದುಕುವಲ್ಲಿಯೂ ಕಲೆಗೆ ಪಾತ್ರವಿದೆ ಎಂದು ಹೇಳಿತು. ಅವುಗಳಲ್ಲಿ ಎಲ್ಲ ಅಧ್ಯಯನಗಳ ಗುಣಮಟ್ಟವೂ ಒಂದೇ ಅಲ್ಲ. ಹೆಚ್ಚು ಗಟ್ಟಿಯಾದ ಆಧಾರವಿರುವುದು ಸಂಗೀತಕ್ಕೆ. 2015ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆಯು 73 ಪ್ರಯೋಗಗಳನ್ನು ಪರಿಶೀಲಿಸಿತು. ಶಸ್ತ್ರಚಿಕಿತ್ಸೆಯ ಮುನ್ನ, ನಡುವೆ ಅಥವಾ ನಂತರ ಸಂಗೀತ ಕೇಳಿದವರಲ್ಲಿ ನೋವು, ಆತಂಕ ಮತ್ತು ನೋವುನಿವಾರಕಗಳ ಬಳಕೆ ಕಡಿಮೆಯಿದ್ದುದನ್ನು ಅದು ಕಂಡುಕೊಂಡಿತು. ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಮಾತ್ರ ಸಂಗೀತದಿಂದ ಕಡಿಮೆಯಾಗಲಿಲ್ಲ. ಆಸ್ಪತ್ರೆಯ ಅಧಿಕಾರಿಗಳ ಮುಂದೆ ಮಾತನಾಡುವಾಗ ಈ ಎರಡೂ ಸಂಗತಿಗಳನ್ನು ಹೇಳಬೇಕು. ಮೊದಲನೆಯದನ್ನಷ್ಟೇ ಹೇಳಿದವರನ್ನು ವೈದ್ಯರು ನಂಬುವುದಿಲ್ಲ, ನಂಬಬಾರದು ಕೂಡ.

ಇನ್ನೊಂದು ಗೆರೆಯನ್ನು ಆರಂಭದಲ್ಲೇ ಎಳೆದುಕೊಳ್ಳಬೇಕು. ಕಲಾ ಚಿಕಿತ್ಸೆಯೆಂಬುದು ಅದಕ್ಕೆಂದೇ ತರಬೇತಿ ಪಡೆದವರು, ಚಿಕಿತ್ಸಾ ಗುರಿಯನ್ನು ಇಟ್ಟುಕೊಂಡು, ಮೇಲ್ವಿಚಾರಣೆಯಡಿ ಮಾಡುವ ಕೆಲಸ. ಸ್ವಯಂಸೇವಕರು, ಚಿತ್ರ ಶಿಕ್ಷಕರು, ಹಾಡುಗಾರರು ವಾರ್ಡಿನಲ್ಲಿ ನಡೆಸುವುದು ಕಲಾ ಚಟುವಟಿಕೆ ಮಾತ್ರ. ರೋಗಿ ಬಿಡಿಸಿದ ಚಿತ್ರದಲ್ಲಿ ಕಪ್ಪು ಬಣ್ಣ ಹೆಚ್ಚಿದೆಯೆಂದು ಅವರ ಮನಸ್ಸನ್ನು ಓದಲು ಹೊರಡುವುದು ಎರಡನೆಯ ಗುಂಪಿನವರ ಕೆಲಸವಲ್ಲ. ಅಷ್ಟಕ್ಕೂ, ಡಬ್ಬಿಯಲ್ಲಿ ಮುರಿಯದೆ ಉಳಿದಿದ್ದ ಕ್ರೇಯಾನ್ ಕಪ್ಪು ಬಣ್ಣದ್ದೊಂದೇ ಆಗಿದ್ದಿರಲೂಬಹುದು.

ಯಾವ ವಾರ್ಡಿನಿಂದ ಆರಂಭಿಸಬೇಕು

ಮಕ್ಕಳ ವಾರ್ಡಿನಿಂದ ಆರಂಭಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಸಲಹೆ ಡಯಾಲಿಸಿಸ್ ಘಟಕ, ಅಂದರೆ ಮೂತ್ರಪಿಂಡ ಕೆಲಸ ಮಾಡದವರ ರಕ್ತವನ್ನು ಯಂತ್ರದಿಂದ ಶುದ್ಧಗೊಳಿಸುವ ಜಾಗ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಘಟಕಗಳು ಸಾಮಾನ್ಯವಾಗಿವೆ, ನಮ್ಮ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇವೆ. ಇಲ್ಲಿಗೆ ಬರುವವರು ವಾರಕ್ಕೆ ಎರಡು ಅಥವಾ ಮೂರು ಬಾರಿ, ಅದೇ ದಿನ, ಅದೇ ಪಾಳಿಗೆ ಬರುತ್ತಾರೆ, ಮತ್ತು ಪ್ರತಿ ಬಾರಿಯೂ ಸುಮಾರು 4 ಗಂಟೆ ಯಂತ್ರಕ್ಕೆ ಹೊಂದಿಕೊಂಡು ಮಲಗಿರುತ್ತಾರೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಇಂದು ಪರಿಚಯವಾದವರು ಮುಂದಿನ ವಾರಕ್ಕೆ ಮನೆಗೆ ಹೋಗಿರುತ್ತಾರೆ. ಡಯಾಲಿಸಿಸ್‌ನಲ್ಲಿ ಅದೇ ಮುಖಗಳು ತಿಂಗಳುಗಟ್ಟಲೆ ಎದುರಾಗುತ್ತವೆ, ಅರ್ಧಕ್ಕೆ ನಿಲ್ಲಿಸಿದ ಚಿತ್ರವನ್ನು ಮುಂದುವರಿಸಬಹುದು, ಕಳೆದ ವಾರ ಹೇಳಿದ ಕಥೆಯ ಉಳಿದ ಭಾಗವನ್ನು ಕೇಳಬಹುದು. ತೀವ್ರ ನಿಗಾ ಘಟಕವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು.

ಈ ಘಟಕದ ರೋಗಿಗಳ ದೇಹಸ್ಥಿತಿಯನ್ನು ಅರಿಯದೆ ಒಳಗೆ ಕಾಲಿಡಬಾರದು. ರಕ್ತವನ್ನು ಹೊರತೆಗೆದು ಮರಳಿಸುವ ಸೂಜಿಗಳನ್ನು ಸಾಮಾನ್ಯವಾಗಿ ತೋಳಿನ ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆಂದು ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗ) ಚುಚ್ಚಿರುತ್ತಾರೆ, ಆ ತೋಳು ಅಲುಗಬಾರದು. ಸಾಧ್ಯವಾದ ಮಟ್ಟಿಗೆ ಫಿಸ್ಟುಲಾವನ್ನು ಬಳಕೆ ಕಡಿಮೆಯಿರುವ ಕೈಯಲ್ಲೇ ಮಾಡುವುದರಿಂದ ಬಲಗೈ ಬಳಸುವ ಹೆಚ್ಚಿನವರಿಗೆ ಬರೆಯುವ ಕೈ ಬಿಡುವಾಗಿರುತ್ತದೆ. ಇದು ನಮ್ಮ ಕೆಲಸಕ್ಕೆ ದೊಡ್ಡ ಅನುಕೂಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದು ರೂಢಿಯಾದ್ದರಿಂದ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲದು. ಬ್ಲೇಡು, ಚೂಪು ಕತ್ತರಿ, ಹೊಲಿಗೆಯ ಸೂಜಿ ಇವಾವುವನ್ನೂ ಒಳಗೆ ತರಬಾರದು. ಆರಂಭದ ಅರ್ಧ ಗಂಟೆ ಯಂತ್ರ ಜೋಡಿಸುವುದರಲ್ಲಿ ಹೋಗುತ್ತದೆ. ರಕ್ತದೊತ್ತಡ ಕುಸಿಯುವುದು, ಕಾಲು ಹಿಡಿದುಕೊಳ್ಳುವುದು, ವಾಕರಿಕೆ ಬರುವುದು ಸಾಮಾನ್ಯವಾಗಿ ಕೊನೆಯ ಭಾಗದಲ್ಲಿ. ನಡುವೆ ಉಳಿಯುವ ಒಂದೂವರೆ ಗಂಟೆಯೇ ನಮ್ಮದು.

ಅನುಮತಿ

ಜಿಲ್ಲಾ ಆಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ, ಖಾಸಗಿ ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟ ಮೀರದ ಪತ್ರ ಬರೆಯಬೇಕು. ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನ ಬರುತ್ತಾರೆ, ಏನೇನು ತರುತ್ತಾರೆ, ಸೋಂಕು ತಡೆಗೆ ಏನು ಕ್ರಮ, ಫೋಟೊ ತೆಗೆಯುವುದಿಲ್ಲ ಎಂಬ ಭರವಸೆ, ಮತ್ತು ಯಾವಾಗ ಬೇಕಾದರೂ ನಿಲ್ಲಿಸಲು ಆಸ್ಪತ್ರೆಗೆ ಅಧಿಕಾರವಿದೆ ಎಂಬ ಒಪ್ಪಿಗೆ ಇಷ್ಟು ಅದರಲ್ಲಿರಬೇಕು. ಸೋಂಕು ನಿಯಂತ್ರಣ ಸಮಿತಿಯಿದ್ದರೆ ಸಾಮಗ್ರಿಗಳ ಪಟ್ಟಿಯನ್ನು ಅವರಿಗೆ ತೋರಿಸಿ ಲಿಖಿತ ಒಪ್ಪಿಗೆ ಪಡೆಯುವುದು ಲೇಸು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಣ್ಣ ಖರ್ಚುಗಳ ವಿಷಯವನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮಂಡಿಸಲು ಕೋರಬಹುದು. ಆದರೆ ಮೊದಲ ಕೆಲವು ತಿಂಗಳು ಹಣ ಕೇಳದೆ ನಡೆಸಿ ತೋರಿಸಿದವರಿಗೆ ಆ ಸಭೆಯಲ್ಲಿ ಬೆಲೆ ಹೆಚ್ಚು.

ಕಾಗದದ ಮೇಲಿನ ಅನುಮತಿಗಿಂತ ದೊಡ್ಡದು ಘಟಕದ ಸಿಸ್ಟರ್ ಮತ್ತು ಡಯಾಲಿಸಿಸ್ ಟೆಕ್ನೀಷಿಯನ್ ಅವರ ಒಪ್ಪಿಗೆ. ಅವರ ಕೆಲಸಕ್ಕೆ ನಾವು ಅಡ್ಡಿಯಾದರೆ ಮೂರನೆಯ ವಾರಕ್ಕೆ ಕಾರ್ಯಕ್ರಮ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲು ಒಂದು ಪಾಳಿ ಪೂರ್ತಿ ಏನನ್ನೂ ಮಾಡದೆ ಮೂಲೆಯಲ್ಲಿ ಕುಳಿತು ನೋಡಬೇಕು: ರೌಂಡ್ಸ್ ಯಾವಾಗ, ರಕ್ತದೊತ್ತಡ ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ, ಊಟ ತಿಂಡಿ ಯಾವಾಗ, ಯಂತ್ರದ ಎಚ್ಚರಿಕೆಯ ಸದ್ದಾದರೆ ಯಾರು ಯಾವ ಕಡೆಯಿಂದ ಓಡಿ ಬರುತ್ತಾರೆ, ಅವರ ದಾರಿಯಲ್ಲಿ ನಮ್ಮ ಸ್ಟೂಲು ಇರುತ್ತದೆಯೇ. ಪ್ರತಿ ಭೇಟಿಯ ಆರಂಭದಲ್ಲಿ ‘ಸಿಸ್ಟರ್, ಇವತ್ತು ಯಾರ ಹತ್ತಿರ ಹೋಗಬಾರದು?’ ಎಂದು ಕೇಳುವುದನ್ನು ನಿಯಮವಾಗಿಸಿಕೊಳ್ಳಬೇಕು. ಕಾರಣ ಕೇಳಬಾರದು.

ಸಾಮಗ್ರಿ ಮತ್ತು ಶುಚಿತ್ವ

ಇಲ್ಲಿ ಸ್ವಲ್ಪ ಹೆಚ್ಚು ವಿವರ ಬೇಕು, ಏಕೆಂದರೆ ಸದುದ್ದೇಶದಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಒಬ್ಬರಿಂದ ಒಬ್ಬರಿಗೆ ದಾಟುವ ಅಪಾಯ ಇತರ ವಾರ್ಡುಗಳಿಗಿಂತ ಹೆಚ್ಚು. ಒಬ್ಬ ರೋಗಿಯ ಜಾಗಕ್ಕೆ ಒಯ್ದ ಯಾವುದೇ ವಸ್ತುವನ್ನು ಒಂದೋ ಬಿಸಾಡಬೇಕು, ಇಲ್ಲವೇ ಆ ರೋಗಿಗೇ ಮೀಸಲಿಡಬೇಕು, ಇಲ್ಲವೇ ಸೋಂಕುರಹಿತಗೊಳಿಸಿದ ಮೇಲೆಯೇ ಮರಳಿ ತರಬೇಕು ಎಂಬುದು ಇಂಥ ಘಟಕಗಳಲ್ಲಿ ಪಾಲಿಸುವ ತತ್ವ. ನಮ್ಮ ಕೆಲಸಕ್ಕೆ ಇದರ ಅರ್ಥ ಸರಳ: ಎಲ್ಲರ ನಡುವೆ ಸುತ್ತುವ ಬಣ್ಣದ ಪೆಟ್ಟಿಗೆ ಇರಬಾರದು. ಪ್ರತಿಯೊಬ್ಬರಿಗೂ ಜಿಪ್ ಇರುವ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅವರದೇ 12 ಬಣ್ಣದ ಕ್ರೇಯಾನ್ ಅಥವಾ ಸ್ಕೆಚ್ ಪೆನ್ನು, ಕೆಲವು ಹಾಳೆ, ಒರೆಸಿ ಶುಚಿ ಮಾಡಬಹುದಾದ ಒಂದು ರೈಟಿಂಗ್ ಪ್ಯಾಡ್. ಚೀಲವನ್ನು ರೋಗಿಯೇ ಮನೆಗೆ ಒಯ್ದು ಮುಂದಿನ ಬಾರಿ ತರುವುದು ಉತ್ತಮ. ರಕ್ತ ತಾಗಿದ ವಸ್ತುವನ್ನು ನಾವು ಮುಟ್ಟದೆ ಸಿಬ್ಬಂದಿಗೆ ತಿಳಿಸಬೇಕು.

ರಂಗೋಲಿ ಪುಡಿ, ಸುಣ್ಣದ ಪುಡಿ, ಒಣ ಚಾಕ್ ಇವುಗಳ ಧೂಳು ವಾರ್ಡಿಗೆ ಸಲ್ಲದು. ಎಣ್ಣೆ ಬಣ್ಣ, ಟರ್ಪೆಂಟೈನ್, ವಾರ್ನಿಷ್ ಇವುಗಳ ವಾಸನೆ ವಾಕರಿಕೆ ಇರುವವರಿಗೆ ಹಿಂಸೆ. ಆಮ್ಲಜನಕದ ಸಿಲಿಂಡರ್ ಅಥವಾ ಪೈಪು ಇರುವ ಕೋಣೆಯಲ್ಲಿ ಹಣತೆ, ಊದುಬತ್ತಿ, ಮೇಣದಬತ್ತಿ ಹಚ್ಚುವಂತಿಲ್ಲ. ದೀಪಾವಳಿಯ ದಿನವೂ ಹಚ್ಚುವಂತಿಲ್ಲ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಇಳಿದಿರುವವರ ಬಳಿಗೆ ಜೇಡಿಮಣ್ಣು, ಗಿಡದ ಕುಂಡ, ಒಣಹೂವು ಒಯ್ಯಬಾರದು, ಏಕೆಂದರೆ ಮಣ್ಣಿನಲ್ಲಿಯೂ ಒಣಗಿದ ಸಸ್ಯಭಾಗಗಳಲ್ಲಿಯೂ ಇರುವ ಶಿಲೀಂಧ್ರದ ಕಣಗಳು ಅವರ ಶ್ವಾಸಕೋಶಕ್ಕೆ ಅಪಾಯಕಾರಿ. ಕೆಲವು ಕೀಮೋ ಔಷಧಗಳಿಂದ ಬೆರಳ ತುದಿ ಜೋಮು ಹಿಡಿದಂತಾಗುವುದುಂಟು. ಅಂಥವರಿಗೆ ತೆಳ್ಳನೆಯ ಪೆನ್ಸಿಲ್ ಬದಲು ದಪ್ಪ ಕ್ರೇಯಾನ್ ಕೊಡಬೇಕು.

ಚನ್ನಪಟ್ಟಣದ ಗೊಂಬೆಗಳನ್ನು ಕೊಡಲು ಬಯಸುವವರಿಗೆ ಒಂದು ಮಾತು. ಅವುಗಳ ಹೊಳಪು ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆಸ್ಪತ್ರೆಯ ಸ್ಯಾನಿಟೈಸರ್‌ನಿಂದ ಒರೆಸಿದರೆ ಬಣ್ಣ ಕೈಗೆ ಅಂಟಿ ಗೊಂಬೆ ಹಾಳಾಗುತ್ತದೆ. ಆದ್ದರಿಂದ ಅದನ್ನು ವಾರ್ಡಿನ ಸಾಮೂಹಿಕ ಆಟಿಕೆಯಾಗಿ ಇಡದೆ ಒಂದು ಮಗುವಿಗೆ ಅದರದೇ ಸ್ವಂತವಾಗಿ ಕೊಡಬೇಕು.

ಹಾಸಿಗೆಯ ಪಕ್ಕದ ಮೊದಲ ಮಾತು

ನಿಂತು ಮಾತನಾಡಬಾರದು. ಸ್ಟೂಲು ಎಳೆದುಕೊಂಡು, ಫಿಸ್ಟುಲಾ ಇಲ್ಲದ ಕಡೆ, ರೋಗಿಯ ಕಣ್ಣಿನ ಎತ್ತರಕ್ಕೆ ಕುಳಿತುಕೊಳ್ಳಬೇಕು. ಹಾಸಿಗೆಯ ಅಂಚಿನಲ್ಲಿ ಕೂರುವುದು ಸಲ್ಲದು. ತಮ್ಮ ಹೆಸರು ಹೇಳಿ, ತಾವು ಡಾಕ್ಟರೂ ಅಲ್ಲ, ನರ್ಸೂ ಅಲ್ಲ ಎಂದು ಮೊದಲೇ ತಿಳಿಸಬೇಕು, ಇಲ್ಲವಾದರೆ ಹಿರಿಯರು ವರದಿಯ ಫೈಲನ್ನು ತೆರೆದು ಕೈಗೆ ಕೊಡುತ್ತಾರೆ. ‘ಅಮ್ಮಾ, ನಾನು ವಾರಕ್ಕೊಮ್ಮೆ ಬಂದು ಇಲ್ಲಿರುವವರ ಜೊತೆ ಚಿತ್ರ ಬಿಡಿಸುವುದು, ಹಾಡು ಕೇಳುವುದು ಮಾಡುತ್ತೇನೆ. ನಿಮಗೆ ಇಷ್ಟವಿದ್ದರೆ ಸ್ವಲ್ಪ ಹೊತ್ತು ಕೂರಲೇ? ಬೇಡವೆಂದರೆ ಬೇಡ ಎನ್ನಿ, ನನಗೇನೂ ಬೇಸರವಿಲ್ಲ’ ಎಂಬಷ್ಟು ಸಾಕು. ವಯಸ್ಸು ಮತ್ತು ಊರಿಗೆ ತಕ್ಕಂತೆ ಅಜ್ಜಿ, ಅಣ್ಣ, ಅಕ್ಕ, ಯಜಮಾನರೇ, ಸರ್ ಎಂದು ಕರೆಯಬೇಕು. ಹಾಸಿಗೆಯ ಸಂಖ್ಯೆಯಿಂದಾಗಲೀ ರೋಗದ ಹೆಸರಿನಿಂದಾಗಲೀ ಯಾರನ್ನೂ ಗುರುತಿಸಬಾರದು.

ಬೇಡ ಎಂಬ ಉತ್ತರವನ್ನು ಒಂದೇ ಸಲಕ್ಕೆ ಒಪ್ಪಿಕೊಂಡು, ನಗುತ್ತಾ ಎದ್ದು, ಮುಂದಿನ ವಾರ ಮತ್ತೆ ಅದೇ ವಿನಯದಿಂದ ಕೇಳಬೇಕು. ಸಾಮಾನ್ಯವಾಗಿ ಹತ್ತಿರದವರೇ ‘ಮಾಡು, ಪಾಪ ಅಷ್ಟು ದೂರದಿಂದ ಬಂದಿದ್ದಾರೆ’ ಎಂದು ಒತ್ತಾಯಿಸುತ್ತಾರೆ; ಅಂಥ ಹೊತ್ತಿನಲ್ಲಿ ರೋಗಿಯ ಪರ ನಿಲ್ಲುವುದು ನಮ್ಮ ಕೆಲಸ. ಹಲವು ಬಾರಿ ಬೇಡವೆಂದ ವ್ಯಕ್ತಿ ಪಕ್ಕದ ಹಾಸಿಗೆಯವರ ಹಾಳೆಯನ್ನು ಓರೆಗಣ್ಣಿನಿಂದ ನೋಡಲು ಶುರು ಮಾಡಿದ ದಿನ ಒಂದು ಖಾಲಿ ಹಾಳೆಯನ್ನು ಏನೂ ಹೇಳದೆ ಅವರ ಬಳಿ ಇಟ್ಟು ಬರಬಹುದು.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಪ್ರತೀಕ್ಷಾಲಯದ ಬೆಂಚಿನಲ್ಲಿ ಬೆಳಗಿನಿಂದ ಕುಳಿತಿರುವ ಹೆಂಡತಿ ಅಥವಾ ಮಗನಿಗೂ ಒಂದು ಹಾಳೆ, ಒಂದು ಪೆನ್ನು ಕೊಡುವುದರಿಂದ ಖರ್ಚು ಹೆಚ್ಚಾಗದು. ಕೌದಿ ಹೊಲಿಗೆ, ಕಸೂತಿಯಂಥ ಸೂಜಿಯ ಕೆಲಸಗಳಿಗೆ ಆ ಬೆಂಚೇ ಸರಿಯಾದ ಜಾಗ.

ಯಾವ ಕಲೆ, ಯಾರಿಗೆ

ಕಲೆಯನ್ನು ನಾವು ಆರಿಸಿಕೊಂಡು ಹೋಗುವುದಕ್ಕಿಂತ ರೋಗಿಗೆ ಏನು ಬರುತ್ತದೆಂದು ಕೇಳುವುದು ಸರಿ. ‘ನನಗೇನೂ ಬರಲ್ಲ’ ಎನ್ನುವ ಹೆಂಗಸು ಮದುವೆಯಾದಂದಿನಿಂದ ದಿನವೂ ಬಾಗಿಲ ಮುಂದೆ ರಂಗೋಲಿ ಹಾಕಿದವರಾಗಿರುತ್ತಾರೆ. ಕಾಗದದ ಮೇಲೆ 7ರಿಂದ 4ರವರೆಗಿನ ಸಂದು ಚುಕ್ಕಿ ಇಟ್ಟುಕೊಟ್ಟು ಸುಮ್ಮನಿದ್ದರೆ ಸಾಕು, ಗೆರೆ ತಾನಾಗಿ ಹೊರಡುತ್ತದೆ. ಚುಕ್ಕಿ ರಂಗೋಲಿಗೆ ಇನ್ನೊಂದು ಗುಣವಿದೆ: ಚುಕ್ಕಿಗಳು ಹಾದಿ ತೋರುವುದರಿಂದ ತಪ್ಪಾಗುವ ಭಯ ಕಡಿಮೆ, ಒಂದು ಕೈಯಲ್ಲೇ ಹಾಕಬಹುದು, ನಡುವೆ ಬಿಪಿ ನೋಡಲು ಬಂದರೆ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸಬಹುದು. ಧಾರವಾಡದ ಕಡೆಯವರಾದರೆ ಚೌಕುಳಿ ಹಾಳೆಯ ಮೇಲೆ ಪೆನ್ನಿನಿಂದ ಗವಂತಿ, ಮುರಗಿ ಹೊಲಿಗೆಗಳ ತೇರು, ಗೋಪುರ, ನವಿಲನ್ನು ಬಿಡಿಸಬಹುದು. ಕಸೂತಿಯು ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಚೌಕುಳಿ ಹಾಳೆಗೆ ಸಲೀಸಾಗಿ ಇಳಿಯುತ್ತದೆ. ಸಾಗರ, ಸೊರಬದ ಕಡೆಯ ದೀವರ ಮನೆಗಳಿಂದ ಬಂದವರಿಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ನಿಲಿ, ಎಳೆ, ಬಾಸಿಂಗ ಎಂಬ ವಿನ್ಯಾಸಗಳು ತಿಳಿದಿರಬಹುದು. ಕೆಮ್ಮಣ್ಣಿನ ಗೋಡೆಯ ಬದಲು ಕಂದು ಬಣ್ಣದ ಹಾಳೆ, ಅಕ್ಕಿಹಿಟ್ಟಿನ ಬಿಳಿಯ ಬದಲು ಬಿಳಿ ಕ್ರೇಯಾನ್ ಸಾಲುತ್ತದೆ. ಗೊತ್ತಿರುವವರು ಕಲಿಸುವವರಾಗಲಿ, ನಾವು ಕಲಿಯುವವರಾಗಬೇಕು.

ಗಂಡಸರಿಗೆ ಹೂವಿನ ಚಿತ್ರ ಕೊಟ್ಟರೆ ಬಹುಪಾಲು ಜನ ನಕ್ಕು ಹಿಂತಿರುಗಿಸುತ್ತಾರೆ. ರೈತರಿಗೆ ‘ನಿಮ್ಮ ಹೊಲ ಎಲ್ಲಿದೆ, ಹೇಗಿದೆ, ಸ್ವಲ್ಪ ಗೆರೆ ಹಾಕಿ ತೋರಿಸುತ್ತೀರಾ’ ಎಂದು ಕೇಳಿ ನೋಡಬೇಕು. ಬದು, ಬಾವಿ, ಹುಣಸೆಮರ, ದಾಯಾದಿಗಳ ಹೊಲದ ಗಡಿ, ಎತ್ತು ಕಟ್ಟುವ ಜಾಗ ಎಲ್ಲವೂ ಹಾಳೆಯ ಮೇಲೆ ಬರುತ್ತವೆ, ಜೊತೆಗೆ ಮಾತೂ ಬರುತ್ತದೆ. ಲಾರಿ ಓಡಿಸುತ್ತಿದ್ದವರಿಗೆ ಘಾಟಿಯ ದಾರಿ, ಗಾರೆ ಕೆಲಸದವರಿಗೆ ತಾವು ಕಟ್ಟಿದ ಮನೆ. ತಿನ್ನುವ ವಸ್ತುಗಳ ಚಿತ್ರವನ್ನು ನಾವಾಗಿ ಸೂಚಿಸದಿರುವುದು ಒಳ್ಳೆಯದು: ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು ಡಯಾಲಿಸಿಸ್ ರೋಗಿಗಳಿಗೆ ನಿಷಿದ್ಧವಾಗಿರುತ್ತವೆ, ನೀರನ್ನೂ ಅಳೆದು ಕುಡಿಯಬೇಕಾಗಿರುತ್ತದೆ. ಬಾಯಾರಿದವರ ಮುಂದೆ ಎಳನೀರಿನ ಚಿತ್ರವಿಡುವುದು ಕ್ರೌರ್ಯ.

ಸಂಗೀತವನ್ನು ರೋಗಿಯೇ ಆರಿಸಬೇಕು. ಇಂಪಾದದ್ದು, ಶಾಂತವಾದದ್ದು ಎಂದು ನಾವು ತಂದ ಕೊಳಲು ವಾದನಕ್ಕಿಂತ ಅವರು ಕೇಳುವ ಹಳೆಯ ಸಿನಿಮಾ ಹಾಡು, ತತ್ವಪದ, ಭಾವಗೀತೆ, ಕವ್ವಾಲಿ ಅಥವಾ ಚರ್ಚಿನ ಹಾಡು ಮೇಲು. ವಾರ್ಡಿನಲ್ಲಿ ಎಲ್ಲ ಮತದವರೂ ಇರುವುದರಿಂದ ದೇವರನಾಮವನ್ನು ಸ್ಪೀಕರಿನಲ್ಲಿ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಯರ್‌ಫೋನ್ ಅವರದೇ ಆಗಿರಲಿ, ಒಂದು ಕಿವಿ ಬಿಡುವಾಗಿರಲಿ, ಯಂತ್ರದ ಎಚ್ಚರಿಕೆಯೂ ಸಿಸ್ಟರ್ ಕರೆಯುವುದೂ ಕೇಳಿಸಬೇಕು. ಹಾಡುಗಾರರು ಖುದ್ದಾಗಿ ಬಂದರೆ ಮೈಕು, ಹಾರ್ಮೋನಿಯಂ ಬಿಟ್ಟು, ಇಬ್ಬರ ನಡುವಿನ ಮಾತಿನಷ್ಟೇ ದನಿಯಲ್ಲಿ ಹಾಡಬೇಕು. ವೇದಿಕೆಗೆ ಹೊಂದಿಕೊಂಡ ಗಾಯಕರಿಗೆ ಇದು ಕಷ್ಟ. ಬೀಸುವ ಪದ, ಸೋಬಾನೆ ಪದ ಬಲ್ಲ ಹಳ್ಳಿಯ ಹೆಂಗಸರಿಗೆ ಸುಲಭ.

ಮಾತಿನ ಕಲೆಗಳನ್ನು ಮರೆಯಬಾರದು, ಡಯಾಲಿಸಿಸ್‌ಗೆ ಅವು ಎಲ್ಲಕ್ಕಿಂತ ಹೊಂದುತ್ತವೆ ಎಂಬುದು ನನ್ನ ಎಣಿಕೆ. ಕರಾವಳಿಯಲ್ಲಿ ತಾಳಮದ್ದಳೆಯ ರುಚಿ ಇರುವವರು ಪ್ರತಿ ಪಾಳಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಅರ್ಥ ಹೇಳುವ ಕಲೆ ಅದು. ಚೆಂಡೆ ಮದ್ದಳೆಗಳನ್ನು ಬಿಟ್ಟು, ಅಕ್ಕಪಕ್ಕದ ಹಾಸಿಗೆಯವರಿಬ್ಬರು ಕರ್ಣನೂ ಕೃಷ್ಣನೂ ಆಗಿ ಇಪ್ಪತ್ತು ನಿಮಿಷ ವಾದಿಸಬಹುದು. ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ಒಡಪುಗಳು, ಎಲ್ಲ ಕಡೆ ಒಗಟುಗಳು. ಕಥೆ ಹೇಳುವವರಿಗೆ ಬರೆಯಲು ಬಾರದಿದ್ದರೆ ನಾವು ಬರೆದುಕೊಳ್ಳಬೇಕು, ಅವರ ಆಡುಮಾತನ್ನು ಗ್ರಂಥದ ಭಾಷೆಗೆ ತಿದ್ದದೆ ಹೇಳಿದ ಹಾಗೆಯೇ ಬರೆದು, ಓದಿ ತೋರಿಸಿ, ಹಾಳೆಯನ್ನು ಅವರಿಗೇ ಕೊಡಬೇಕು. ಜೀವನದ ಅತಿ ದೊಡ್ಡ ನೋವಿನ ಬಗ್ಗೆ ಬರೆಯಿರಿ ಎಂದು ಮಾತ್ರ ಸೂಚಿಸಬಾರದು. ಅಂಥ ಬರವಣಿಗೆಯ ಕುರಿತು ಸಂಶೋಧನೆ ನಡೆದಿದೆ, ಆದರೆ ಬರೆದ ಕೂಡಲೇ ದುಃಖ ಉಕ್ಕುವುದು ಸಾಮಾನ್ಯ, ಆಗ ಪಕ್ಕದಲ್ಲಿ ಇರಬೇಕಾದವರು ತರಬೇತಿ ಪಡೆದವರು.

ಯಾರಾದರೂ ಅತ್ತರೆ ಗಾಬರಿಯಾಗಿ ಹಾಡು ಬದಲಿಸುವುದು ಬೇಡ. ಸುಮ್ಮನೆ ಕುಳಿತು, ‘ನಿಲ್ಲಿಸೋಣವೇ?’ ಎಂದು ಕೇಳಿದರೆ ಸಾಕು. ಆದರೆ ಸಾಯುವ ಮಾತು, ಡಯಾಲಿಸಿಸ್ ಬಿಟ್ಟುಬಿಡುವ ಮಾತು, ಮನೆಯಲ್ಲಿ ಹಿಂಸೆಯ ಮಾತು ಬಂದರೆ ಅದನ್ನು ನಮ್ಮಲ್ಲೇ ಇಟ್ಟುಕೊಳ್ಳದೆ, ರೋಗಿಗೆ ತಿಳಿಸಿಯೇ, ಅದೇ ದಿನ ಸಿಸ್ಟರ್‌ಗೆ ಅಥವಾ ವೈದ್ಯರಿಗೆ ಹೇಳಬೇಕು. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು, ಸೂಜಿಯ ಜಾಗದಲ್ಲಿ ರಕ್ತ ಕಂಡರೆ ತಕ್ಷಣ ಕೂಗಿ ಕರೆದು ಪಕ್ಕಕ್ಕೆ ಸರಿಯಬೇಕು.

ಬೇರೆ ವಾರ್ಡುಗಳಿಗೆ ಹೋಗುವಾಗ

ಮಕ್ಕಳ ವಾರ್ಡಿನಲ್ಲಿ ಆಟವೇ ಕಲೆ. ಸೂಜಿ ಚುಚ್ಚುವಾಗ ಗಮನವನ್ನು ಬೇರೆಡೆ ಸೆಳೆಯುವುದರಿಂದ ಮಕ್ಕಳ ನೋವು ಮತ್ತು ಭಯ ಕಡಿಮೆಯಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆ. ಡ್ರಿಪ್ ಹಾಕುವ ಮುನ್ನ ಬಟ್ಟೆಯ ಗೊಂಬೆಗೆ ಸೂಜಿಯಿಲ್ಲದ ಸಿರಿಂಜು, ಪ್ಲಾಸ್ಟರು ಹಚ್ಚುವ ಆಟವನ್ನು ಮಗುವಿನ ಕೈಯಿಂದಲೇ ಆಡಿಸಬಹುದು. ತೊಗಲು ಗೊಂಬೆಯನ್ನು ತೊಳೆಯಲಾಗದು. ಅದರ ಬದಲು ಪ್ಲಾಸ್ಟಿಕ್ ಫೈಲಿನ ಹಾಳೆಯಿಂದ ಆಕಾರಗಳನ್ನು ಮನೆಯಲ್ಲೇ ಕತ್ತರಿಸಿ ತಂದು, ಬಿಳಿ ಬಟ್ಟೆಯ ಹಿಂದೆ ಟಾರ್ಚ್ ಹಿಡಿದು ನೆರಳಾಟ ಆಡಿಸಿದರೆ, ಯಾವ ಮಗುವೂ ಏನನ್ನೂ ಮುಟ್ಟಬೇಕಿಲ್ಲದ್ದರಿಂದ ಸೋಂಕಿನ ಚಿಂತೆಯಿಲ್ಲ. ಬಲೂನು ಬೇಡ: ಲೇಟೆಕ್ಸ್ ಅಲರ್ಜಿ, ಒಡೆದ ಚೂರು ಗಂಟಲಿಗೆ ಸಿಕ್ಕುವ ಅಪಾಯ, ಜೊತೆಗೆ ಒಡೆದಾಗಿನ ಸದ್ದು. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ಬಳಿಗೆ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್), ದಡಾರದ ಸಂಪರ್ಕವಾದವರು ಹೋಗಲೇಬಾರದು.

ಪಾರ್ಶ್ವವಾಯುವಿನ ವಾರ್ಡಿನಲ್ಲಿ ಸಂಗೀತಕ್ಕೆ ವಿಶೇಷ ಸ್ಥಾನವಿದೆ. ಫಿನ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ತಿಂಗಳ ಕಾಲ ದಿನವೂ ತಮಗೆ ಇಷ್ಟವಾದ ಸಂಗೀತ ಕೇಳಿದವರ ಮಾತಿನ ನೆನಪು ಮತ್ತು ಗಮನ ಇತರರಿಗಿಂತ ಚೆನ್ನಾಗಿ ಚೇತರಿಸಿಕೊಂಡಿತ್ತು, ಮಂಕುತನವೂ ಕಡಿಮೆಯಿತ್ತು. ಮಾತು ಹೊರಡದ ಕೆಲವರು ಚಿಕ್ಕಂದಿನ ಹಾಡನ್ನು ಪದಸಹಿತ ಹಾಡುತ್ತಾರೆ. ಅದನ್ನು ಕಂಡು ಮಾತೇ ಮರಳಿತೆಂದು ಮನೆಯವರಿಗೆ ಆಸೆ ಹುಟ್ಟಿಸಬಾರದು. ರಾಗದ ಮೂಲಕ ಮಾತನ್ನು ಮರಳಿ ತರುವ ಪದ್ಧತಿಯಿದೆ, ಆದರೆ ಅದು ವಾಕ್ ತಜ್ಞರ ಕೆಲಸ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗೆ ಹೋಗುವ ವಿಷಯವನ್ನು ವೈದ್ಯರ ಬಳಿ ಪ್ರಸ್ತಾಪಿಸಲು ಮನೆಯವರಿಗೆ ಹೇಳಬಹುದು. ಮಾನಸಿಕ ಆರೋಗ್ಯದ ವಾರ್ಡುಗಳಿಗೆ ಹೊರಗಿನವರು ತಾವಾಗಿ ಹೋಗದೆ ಅಲ್ಲಿನ ತಂಡದ ಭಾಗವಾಗಿಯೇ ಹೋಗಬೇಕು. ದಾರ, ಕತ್ತರಿ, ಗಾಜು ಅಲ್ಲಿ ಸಲ್ಲದು.

ಉಪಶಾಮಕ ಆರೈಕೆಯಲ್ಲಿರುವವರು, ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವ ಆರೈಕೆ ಪಡೆಯುತ್ತಿರುವವರು, ಮಕ್ಕಳಿಗೆ ಪತ್ರ ಬರೆಸಲು, ದನಿ ಮುದ್ರಿಸಲು, ಅಡುಗೆಯ ಕ್ರಮವೊಂದನ್ನು ಹೇಳಿಡಲು ಬಯಸಬಹುದು. ಮುದ್ರಿಸಿದ್ದನ್ನು ಯಾರಿಗೆ, ಯಾವಾಗ ಕೊಡಬೇಕು, ಯಾರು ಇಟ್ಟುಕೊಳ್ಳಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ನಮ್ಮ ಮೊಬೈಲಿನಲ್ಲಿ ಪ್ರತಿ ಉಳಿಸಿಕೊಳ್ಳದೆ ಒಪ್ಪಿಸಬೇಕು.

ಗೋಡೆಗಳು

ಅಮೆರಿಕದ ರೋಜರ್ ಉಲ್ರಿಕ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಚಿಕ್ಕ ಅಧ್ಯಯನ, 46 ರೋಗಿಗಳದು, ಆದರೂ ಆಸ್ಪತ್ರೆ ಕಟ್ಟುವವರ ಮೇಲೆ ಅದರ ಪ್ರಭಾವ ದೊಡ್ಡದು. ಚಿತ್ರ ತೂಗುಹಾಕುವ ಮೊದಲು ರೋಗಿಯ ಹಾಸಿಗೆಯಲ್ಲಿ ಮಲಗಿ ಏನು ಕಾಣುತ್ತದೆಂದು ನೋಡಬೇಕು. ನಿಂತವರ ಕಣ್ಣಿನ ಎತ್ತರಕ್ಕೆ ಹಾಕಿದ ಚಿತ್ರ ಮಲಗಿದವರಿಗೆ ಕಾಣದೆಯೇ ಇರಬಹುದು. ನೀರು, ಮರ, ತೆರೆದ ಬಯಲು ಇರುವ ಚಿತ್ರಗಳು ಒಳ್ಳೆಯವು. ಅರ್ಥ ಬಿಡಿಸಿಕೊಳ್ಳಬೇಕಾದ ನವ್ಯ ಚಿತ್ರಗಳು ಆತಂಕದಲ್ಲಿರುವವರನ್ನು ಇನ್ನಷ್ಟು ಕಾಡಬಹುದು, ಅವು ಗ್ಯಾಲರಿಯಲ್ಲಿರಲಿ. ಎಲ್ಲ ಚಿತ್ರಗಳಿಗೂ ಒರೆಸಿ ತೊಳೆಯಬಹುದಾದ ಹೊದಿಕೆ ಬೇಕು.

ಬರುವವರು, ಬರೆದಿಡುವುದು

ಮೂರು ನಾಲ್ಕು ಜನ ಸಾಕು, ಆದರೆ ತಪ್ಪದೆ ಬರುವವರು ಬೇಕು. ಒಂದು ತಿಂಗಳು ಉತ್ಸಾಹದಿಂದ ಬಂದು ಮಾಯವಾಗುವವರಿಂದ, ವಾರದ ಆ ದಿನಕ್ಕೆ ಕಾದಿರುವವರಿಗೆ ಆಗುವ ನಿರಾಶೆ ಸಣ್ಣದಲ್ಲ. ನೆಗಡಿ, ಜ್ವರ, ಭೇದಿ ಇದ್ದ ದಿನ ಬರಬಾರದು. ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಪ್ರತಿ ಬಾರಿಯೂ ಕೈ ತೊಳೆಯಬೇಕು. ಉಂಗುರ, ಬಳೆ, ಕೈಗಡಿಯಾರ ಮನೆಯಲ್ಲಿರಲಿ. ಹೆಪಟೈಟಿಸ್ ಬಿ ಲಸಿಕೆಯ ವಿಷಯವನ್ನು ಆಸ್ಪತ್ರೆಯವರೊಡನೆ ಮಾತನಾಡಿ ತೀರ್ಮಾನಿಸಬೇಕು. ರೋಗಿಗಳು ಹೇಳಿದ ವಿಷಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು, ಹೆಸರು ಮರೆಸಿಯೂ ಹೋಗಬಾರದು. ಚಿಕ್ಕ ಊರಿನಲ್ಲಿ ಹೆಸರಿಲ್ಲದಿದ್ದರೂ ಗುರುತು ಸಿಗುತ್ತದೆ. ರೋಗಿ ಬಿಡಿಸಿದ ಚಿತ್ರ ರೋಗಿಯದು. ಪ್ರದರ್ಶಿಸುವ ಆಸೆಯಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆದು, ಹೆಸರು ಹಾಕಬೇಕೇ ಬೇಡವೇ ಎಂದೂ ಕೇಳಿ, ಯಂತ್ರಕ್ಕೆ ಜೋಡಿಸಿಕೊಂಡು ಮಲಗಿರುವಾಗ ಅಲ್ಲದೆ ಬೇರೆ ಸಮಯದಲ್ಲಿ ಸಹಿ ಪಡೆಯಬೇಕು.

ದಾಖಲೆಗೆ ಒಂದು ನೋಟುಪುಸ್ತಕ ಸಾಕು: ದಿನಾಂಕ, ಎಷ್ಟು ಜನರನ್ನು ಕೇಳಿದೆವು, ಎಷ್ಟು ಜನ ಬೇಡವೆಂದರು, ಏನು ಮಾಡಿದೆವು, ಎಷ್ಟು ಹೊತ್ತು. ಒಪ್ಪಿದವರಿಗೆ ಆರಂಭದಲ್ಲೂ ಕೊನೆಯಲ್ಲೂ ‘ಈಗ ಬೇಸರ ಎಷ್ಟಿದೆ, 0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ತಡೆಯಲಾಗದಷ್ಟು’ ಎಂದು ಕೇಳಿ ಅಂಕಿ ಬರೆಯಬಹುದು. ಮಕ್ಕಳಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳ ಸಾಲನ್ನು ತೋರಿಸಬಹುದು. ಬೇಡವೆಂದವರ ಲೆಕ್ಕ ಎಂದೂ ಸೊನ್ನೆಯಾಗಿಯೇ ಇದ್ದರೆ ಸಂತೋಷಪಡುವ ಬದಲು ಅನುಮಾನಿಸಬೇಕು: ಸಂಕೋಚಕ್ಕೆ ಹೂಂ ಎನ್ನುತ್ತಿರಬಹುದು. ನಮ್ಮನ್ನು ಮೆಚ್ಚಿಸಲು ಅಂಕಿ ಇಳಿಸಿ ಹೇಳುವವರೂ ಉಂಟು, ಆದ್ದರಿಂದ ಈ ಅಂಕಿಗಳು ನಮ್ಮ ಕೆಲಸ ತಿದ್ದಿಕೊಳ್ಳಲು ಮಾತ್ರ, ಪತ್ರಿಕಾ ಹೇಳಿಕೆಗಲ್ಲ. ಇದನ್ನೇ ಸಂಶೋಧನೆಯಾಗಿ ಪ್ರಕಟಿಸಬೇಕೆಂದಿದ್ದರೆ ಅಂಕಿ ಸಂಗ್ರಹಿಸುವ ಮುನ್ನವೇ ಆಸ್ಪತ್ರೆಯ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು.

ಆರು ತಿಂಗಳಾದ ಮೇಲೆ ಸಿಸ್ಟರ್, ಟೆಕ್ನೀಷಿಯನ್ ಮತ್ತು ಇಬ್ಬರು ರೋಗಿಗಳನ್ನು ಕೂರಿಸಿಕೊಂಡು, ಮುಂದುವರಿಸಬೇಕೇ, ಏನನ್ನು ಬಿಡಬೇಕು ಎಂದು ಕೇಳಬೇಕು. ಎರಡನೆಯ ವಾರ್ಡಿನ ಮಾತು ಅದಾದ ಮೇಲೆ. ಆಗಲೂ ಡಯಾಲಿಸಿಸ್ ಘಟಕದ ದಿನವನ್ನು ಕಡಿತಗೊಳಿಸದೆ, ಹೊಸ ವಾರ್ಡಿಗೆ ಹೊಸ ಜನರನ್ನು ಹುಡುಕಿಕೊಂಡೇ ಹೋಗಬೇಕು.